ಡೋರ್ ಕೊಯ್ಯದೆ ಕಾರಿಗೆ ಹೊಸ ಸ್ಪೀಕರ್: ಅಳತೆ ತೆಗೆಯುವುದರಿಂದ ಗಾಡಿ ಮಾರುವವರೆಗೆ

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮೊದಲು ಸ್ಪೀಕರ್ ಕೊಳ್ಳುತ್ತಾರೆ. ಫಿಟ್ ಮಾಡಿಸಲು ಹೋದಾಗ ಅದು ಡೋರ್‌ನ ತೂತಿನಲ್ಲಿ ಕೂರುವುದಿಲ್ಲ ಅಂತ ಗೊತ್ತಾಗುತ್ತದೆ. "ಜರಾ ಕಟ್ ಮಾಡ್ಬೇಕಾಗ್ತದ್ರಿ, ಏನೂ ಆಗಂಗಿಲ್ಲ" ಅನ್ನುತ್ತಾರೆ ಅಂಗಡಿಯವರು. ಗ್ರೈಂಡರ್ ಹೊರಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಹಾಡು ಜೋರಾಗಿ ಕೇಳುತ್ತದೆ, ಮನೆಯವರಿಗೂ ಖುಷಿ. ಲೆಕ್ಕ ಬರುವುದು ಮೂರು ವರ್ಷ ಬಿಟ್ಟು, ಗಾಡಿ ಮಾರುವ ದಿನ.

ನನ್ನ ಮೊದಲ ಗಾಡಿಗೆ ಹೀಗೇ ಆಯಿತು. ಕಲಬುರಗಿಗೆ ಸೊಲ್ಲಾಪುರದ ಕಡೆಯಿಂದ ಒಬ್ಬರು ನೋಡಲು ಬಂದರು. ಎಂಜಿನ್ ಸದ್ದು ಕೇಳಿದರು, ಟೈರ್ ನೋಡಿದರು, ದರವೂ ಹೆಚ್ಚುಕಮ್ಮಿ ಮಾತಾಗಿತ್ತು. ಆಮೇಲೆ ಎಡಗಡೆ ಮುಂದಿನ ಡೋರ್ ತೆಗೆದು, ಸ್ಪೀಕರ್ ಜಾಲಿಯ ನಾಲ್ಕು ಸ್ಕ್ರೂ ಬಿಚ್ಚಿ, ಸ್ಪೀಕರ್ ಹೊರಗೆ ಎಳೆದು, ತೂತಿನ ಅಂಚಿನ ಮೇಲೆ ಬೆರಳು ಆಡಿಸಿದರು. ಬೆರಳಿಗೆ ಕೆಂಪು ಪುಡಿ ಹತ್ತಿತ್ತು. "ಡೋರ್ ಯಾಕ್ರೀ ಕೊಯ್ಸೀರಿ?" ಅಂದರು. ಅಷ್ಟೇ ಮಾತು. ದರದಲ್ಲಿ 15,000 ರೂಪಾಯಿ ಇಳಿಯಿತು. ಆ ಸ್ಪೀಕರ್ ಜೋಡಿಗೆ ನಾನು ಕೊಟ್ಟಿದ್ದು 6,000.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೊಯ್ದ ಡೋರ್ ನೋಡಿದವರಿಗೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತದೆ: ಒಳಗೆ ವೈರ್ ಏನೇನು ಕಡಿದಿದ್ದಾರೋ, ಮಳೆ ನೀರು ಎಲ್ಲಿ ಹೋಗಿದೆಯೋ? ಆ ಅನುಮಾನಕ್ಕೇ ಅವರು ದರ ಇಳಿಸುವುದು.

ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಗೂ ಒಂದೇ ಷರತ್ತು ಇಟ್ಟಿದ್ದೇನೆ. ಒಂದು ಭಾನುವಾರ ಕೂತರೆ ಗಾಡಿ ಮತ್ತೆ ಷೋರೂಮಿನಿಂದ ಬಂದ ಹಾಗೇ ಆಗಬೇಕು. ಹಾಗೆ ಆಗದ ಕೆಲಸ ಮಾಡಬೇಡಿ.

## 1. ಏನನ್ನು ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸಿ

ಡೋರ್‌ನ ಒಳಗಿನ ತಗಡು ಕೊಯ್ಯಬಾರದು. ತೂತು ದೊಡ್ಡದು ಮಾಡುವುದಕ್ಕೂ ಇಲ್ಲ, ಹೊಸ ಸ್ಕ್ರೂ ಹೊಡೆಯುವುದಕ್ಕೂ ಇಲ್ಲ. ಡೋರ್ ಒಳಗೆ ಅಡ್ಡಲಾಗಿ ಒಂದು ಗಟ್ಟಿ ಉಕ್ಕಿನ ಪಟ್ಟಿ ಅಥವಾ ಪೈಪ್ ಇರುತ್ತದೆ. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದರೆ ನಿಮ್ಮನ್ನು ಕಾಪಾಡುವುದು ಅದು. ಸ್ಪೀಕರ್‌ನ ದೊಡ್ಡ ಮ್ಯಾಗ್ನೆಟ್ ಕೂರಿಸಲು ಅದನ್ನು ಕೊಯ್ದದ್ದನ್ನು ನಾನೇ ನೋಡಿದ್ದೇನೆ. ಅದನ್ನು ಯಾವ ಕಾರಣಕ್ಕೂ ಮುಟ್ಟಲು ಬಿಡಬೇಡಿ.

ಎರಡನೆಯದು ಕಂಪನಿ ವೈರಿಂಗ್. ಸ್ಪೀಕರ್‌ನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಕತ್ತರಿಸಿ ಟೇಪ್ ಸುತ್ತಿದರೆ ವಾರಂಟಿ ಇರುವ ಗಾಡಿಯಲ್ಲಿ ಎಲೆಕ್ಟ್ರಿಕಲ್ ಕ್ಲೇಮ್‌ಗೆ ತಕರಾರು ಬರುತ್ತದೆ.

ಮೂರನೆಯದು ಏರ್‌ಬ್ಯಾಗ್. ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದು. ಅದನ್ನು ಬಿಚ್ಚಬೇಡಿ, ಮೀಟರ್ ಹಿಡಿಯಬೇಡಿ, ಪಕ್ಕದಲ್ಲಿ ವೈರ್ ಕಟ್ಟಬೇಡಿ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಟ್ವೀಟರ್ (ಸಣ್ಣ ಸ್ವರಗಳ ಚಿಕ್ಕ ಸ್ಪೀಕರ್) ಅಂಟಿಸಲೇಬಾರದು. ಬ್ಯಾಗ್ ಬಿಚ್ಚಿಕೊಂಡಾಗ ಆ ಟ್ವೀಟರ್ ಕಲ್ಲಿನ ಹಾಗೆ ಮುಖಕ್ಕೆ ಹಾರುತ್ತದೆ.

ಕಾನೂನಿನ ಮಾತೂ ಸ್ವಲ್ಪ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಡೋರ್‌ನ ಸ್ಪೀಕರ್ ಬದಲಿಸಿದರೆ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ದೊಡ್ಡ ವೂಫರ್ ಬಾಕ್ಸ್ ಇಡಲು ಹಿಂದಿನ ಸೀಟನ್ನೇ ಕಿತ್ತು ಹಾಕುವವರಿದ್ದಾರೆ. ಸೀಟಿನ ಸಂಖ್ಯೆ ಆರ್‌ಸಿಯಲ್ಲಿ ಬರೆದಿರುತ್ತದೆ. ಅದು ತೊಂದರೆಯ ಕೆಲಸ.

## 2. ಅಳತೆ ತೆಗೆಯಿರಿ, ಸ್ಪೀಕರ್ ಇನ್ನೂ ಕೊಳ್ಳಬೇಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯಬೇಕಾದದ್ದು ಇದೇ. ಜನ ಇದನ್ನೇ ಬಿಡುತ್ತಾರೆ.

ಡಬ್ಬಿಯ ಮೇಲೆ 6.5 ಇಂಚು ಅಂತ ಇರುತ್ತದೆ, ನಮ್ಮ ಗಾಡಿಗೂ 6.5 ಇಂಚು ಅಂತ ಹೇಳಿರುತ್ತಾರೆ, ಹಾಗಾಗಿ ಕೂತೇ ಕೂರುತ್ತದೆ ಅಂದುಕೊಳ್ಳುತ್ತೇವೆ. 6.5 ಇಂಚು ಅಂದರೆ ಸುಮಾರು 165 ಮಿ.ಮೀ. ಹೊರಗಿನ ಅಗಲ ಮಾತ್ರ. ಸ್ಪೀಕರ್ ಕೂರುತ್ತೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಬೇರೆ ಮೂರು ಅಳತೆ: ತೂತಿನ ಅಗಲ, ಹಿಂದಿನ ಆಳ, ಮುಂದಿನ ಜಾಗ. ಎರಡು ಕಂಪನಿಗಳ 6.5 ಇಂಚಿನ ಸ್ಪೀಕರ್‌ಗಳಲ್ಲಿ ಆಳದ ವ್ಯತ್ಯಾಸವೇ 15 ಮಿ.ಮೀ. ಇರಬಹುದು.

ಡೋರ್ ಪ್ಯಾಡ್, ಅಂದರೆ ಡೋರ್‌ನ ಒಳಬದಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ (ಬಿಚ್ಚುವ ಕ್ರಮ 4ನೇ ಹಂತದಲ್ಲಿದೆ), ಕಂಪನಿ ಸ್ಪೀಕರ್ ತೆಗೆದು, ಇವನ್ನು ಬರೆದುಕೊಳ್ಳಿ.

ತೂತಿನ ಅಗಲ: ತಗಡಿನ ತೂತಿಗೆ ರಟ್ಟು ಒತ್ತಿ ಹಿಡಿದು ಒಳಗಿಂದ ಪೆನ್ಸಿಲ್‌ನಲ್ಲಿ ಗುರುತು ಎಳೆಯಿರಿ. ಸ್ಕ್ರೂ ತೂತುಗಳ ಗುರುತನ್ನೂ ಹಾಕಿ. ಈ ರಟ್ಟು ಬಿಸಾಡಬೇಡಿ, ಮುಂದೆ ಬಡಿಗರಿಗೆ ಇದನ್ನೇ ಕೊಡಬೇಕು.

ಹಿಂದಿನ ಆಳ: ಗಾಜಿನ ಸ್ವಿಚ್ಚಿನ ಕಪ್ಲರ್ ಸಿಕ್ಕಿಸಿ, ಬ್ಯಾಟರಿ ಕೂಡಿಸಿ, ಗಾಜನ್ನು ಪೂರ್ತಿ ಕೆಳಗಿಳಿಸಿ. ತೂತಿನ ಅಂಚಿಗೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು, ಇನ್ನೊಂದು ಸ್ಕೇಲ್ ನೇರ ಒಳಗೆ ಬಿಟ್ಟು, ಗಾಜಿಗೆ ತಾಗುವವರೆಗಿನ ಅಳತೆ ನೋಡಿ. ಒಂದೇ ಸಲ ನೋಡಿ ಬಿಡಬೇಡಿ. ಗಾಜು ಬಾಗಿರುತ್ತದೆ, ಅದನ್ನು ಎತ್ತುವ ಕಬ್ಬಿಣದ ಕೈ ಕೂಡ ಒಳಗೆ ಓಡಾಡುತ್ತದೆ. ಗಾಜು ಪೂರ್ತಿ ಕೆಳಗೆ, ಅರ್ಧ, ಪೂರ್ತಿ ಮೇಲೆ ಹೀಗೆ ಮೂರು ಸಲ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಿರಿ.

ಮುಂದಿನ ಜಾಗ: ಡೋರ್ ಪ್ಯಾಡ್‌ನ ಜಾಲಿಯ ಹಿಂಭಾಗಕ್ಕೂ ತಗಡಿಗೂ ನಡುವೆ ಎಷ್ಟು ಸಂದು ಇದೆ ಅನ್ನುವುದು. ಇದನ್ನು ಸ್ಕೇಲ್‌ನಿಂದ ಅಳೆಯಲು ಆಗುವುದಿಲ್ಲ, ಪ್ಯಾಡ್ ಮುಚ್ಚಿದರೆ ಒಳಗೆ ಕಾಣುವುದಿಲ್ಲ ಅಲ್ವಾ? ಅಡುಗೆಮನೆಯಿಂದ ಒಂದು ಹಿಡಿ ಚಪಾತಿ ಕಣಕ ತನ್ನಿ. ಸ್ವಲ್ಪ ಗಟ್ಟಿಯಾಗಿರಲಿ. ನಿಂಬೆಹಣ್ಣಿಗಿಂತ ದೊಡ್ಡ ಮೂರು ಉಂಡೆ ಮಾಡಿ, ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ತೂತಿನ ಸುತ್ತ ಮೂರು ಕಡೆ ಅಂಟಿಸಿ. ಪ್ಯಾಡನ್ನು ಜಾಗಕ್ಕೆ ಇಟ್ಟು ಕ್ಲಿಪ್ ಕೂರುವಷ್ಟು ಒತ್ತಿ, ಮೆಲ್ಲಗೆ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮಗಿರುವ ಜಾಗ. ಸ್ಪೀಕರ್ ಕೂರಿಸಿದ ಮೇಲೂ ಇದೇ ಪರೀಕ್ಷೆ ಇನ್ನೊಂದು ಸಲ ಮಾಡಬೇಕು.

ಒಂದು ಲೆಕ್ಕ ನೋಡಿ. ಹಿಂದಿನ ಆಳ 52 ಮಿ.ಮೀ. ಬಂತು ಅಂದುಕೊಳ್ಳಿ. ನಿಮಗೆ ಇಷ್ಟವಾದ ಸ್ಪೀಕರ್‌ನ ಆಳ 63. ಕೊರತೆ 11, ಗಾಜಿಗೆ ತಾಗದಿರಲು ಇನ್ನೊಂದು 5. ಒಟ್ಟು 16. ಅಂದರೆ ತಗಡು ಮತ್ತು ಸ್ಪೀಕರ್ ನಡುವೆ 18 ಮಿ.ಮೀ. ದಪ್ಪದ ರಿಂಗ್ (6ನೇ ಹಂತ ನೋಡಿ) ಹಾಕಿದರೆ ಹಿಂದೆ ಸರಿಹೋಯಿತು. ಈಗ ಮುಂದೆ ನೋಡಿ. ಕಣಕದ ದಪ್ಪ 38. ರಿಂಗ್ 18, ಸ್ಪೀಕರ್‌ನ ಮುಂಭಾಗ ಎದ್ದಿರುವುದು 12, ಒಟ್ಟು 30. ಉಳಿದದ್ದು 8. ಬಡಿತಕ್ಕೆ ಕೋನ್ (ಸ್ಪೀಕರ್‌ನ ಅಲುಗುವ ಮುಂಭಾಗ) ಮುಂದೆ ಬಂದಾಗ ಜಾಲಿಗೆ ತಾಗಬಾರದು, 8 ಮಿ.ಮೀ. ಇದ್ದರೆ ನಡೆಯುತ್ತದೆ. ಉಳಿದದ್ದು 2 ಅಥವಾ 3 ಆಗಿದ್ದರೆ ಆ ಸ್ಪೀಕರ್ ಬೇಡ, ಕಡಿಮೆ ಆಳದ್ದನ್ನು ಹುಡುಕಿ. ಕಡಿಮೆ ಆಳದ ಮಾದರಿಗಳು ಸುಮಾರು 45 ಮಿ.ಮೀ.ನಲ್ಲೂ ಸಿಗುತ್ತವೆ.

ಈ ಲೆಕ್ಕ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಕೊಂಡರೂ ಅಷ್ಟೇ, ಹೈದರಾಬಾದ್‌ನಿಂದ ತರಿಸಿದರೂ ಅಷ್ಟೇ. ಡಬ್ಬಿಯ ಮೇಲಿನ ಚಿತ್ರದಲ್ಲಿ ಆಳ ಬರೆದಿರುತ್ತದೆ. ಬರೆದಿಲ್ಲ ಅಂದರೆ ಡಬ್ಬಿ ತೆಗೆಸಿ ಅಳೆಯಿರಿ.

ಕೊಳ್ಳುವಾಗ ಇನ್ನೆರಡು ಮಾತು. ಡಬ್ಬಿ ಮೇಲೆ ದೊಡ್ಡದಾಗಿ ಬರೆದ 300 ವಾಟ್, 400 ವಾಟ್ ನೋಡಬೇಡಿ. ಆರ್‌ಎಂಎಸ್ (ಸತತವಾಗಿ ನಿಭಾಯಿಸುವ ವಾಟ್) ಎಷ್ಟು ಅಂತ ನೋಡಿ. ಕಂಪನಿ ಸ್ಟೀರಿಯೊ ಒಂದು ಚಾನೆಲ್‌ಗೆ ಕೊಡುವುದು ಸುಮಾರು 15ರಿಂದ 20 ವಾಟ್ ಆರ್‌ಎಂಎಸ್. ಹಾಗಾಗಿ ಆಂಪ್ (ಸ್ಟೀರಿಯೊದ ಸದ್ದಿನ ಬಲ ಹೆಚ್ಚಿಸುವ ಡಬ್ಬಿ) ಇಲ್ಲದೆ ಓಡಿಸುವುದಾದರೆ ಸೆನ್ಸಿಟಿವಿಟಿ ಜಾಸ್ತಿ ಇರುವ, ಅಂದರೆ ಕಡಿಮೆ ವಾಟ್‌ಗೂ ಜೋರಾಗಿ ಹಾಡುವ, 4 ಓಮ್ ಸ್ಪೀಕರ್ ತೆಗೆದುಕೊಳ್ಳಿ. 2 ಓಮ್ ಸ್ಪೀಕರ್ ಹಾಕಿದರೆ ಕೆಲವು ಸ್ಟೀರಿಯೊ ಬಿಸಿಯಾಗಿ ಸುಟ್ಟು ಹೋಗುತ್ತವೆ.

ನನ್ನ ಕೇಳಿದರೆ ಮುಂದಿನ ಎರಡು ಡೋರ್ ಸಾಕು. ಹಣವೆಲ್ಲ ಅಲ್ಲೇ ಹಾಕಿ.

## 3. ಸಾಮಾನು ಮುಂಚೆಯೇ ಸೇರಿಸಿಕೊಳ್ಳಿ

ಡೋರ್ ಬಿಚ್ಚಿಟ್ಟು ಅಂಗಡಿಗೆ ಓಡುವ ಹಾಗೆ ಆಗಬಾರದು. ಪ್ಲಾಸ್ಟಿಕ್ ಟ್ರಿಮ್ ಪಟ್ಟಿಗಳ ಒಂದು ಸೆಟ್, ಸ್ಟಾರ್ ಸ್ಕ್ರೂಡ್ರೈವರ್, 10 ಮಿ.ಮೀ. ಪಾನಾ, ನಿಮ್ಮ ಗಾಡಿಯ ಮಾಡೆಲ್‌ಗೆ ಸರಿಯಾದ 10 ಹೊಸ ಡೋರ್ ಕ್ಲಿಪ್, ಮಾಡೆಲ್‌ಗೆ ಹೊಂದುವ ಕಪ್ಲರ್ ಅಡಾಪ್ಟರ್ ಒಂದು ಜೋಡಿ, ಫೋಮ್ ಟೇಪ್, ಬ್ಯೂಟೈಲ್ ಹಗ್ಗ (ಹಗ್ಗದ ಹಾಗಿರುವ ಕಪ್ಪು ರಬ್ಬರ್ ಅಂಟು), ಬಟ್ಟೆಯ ವೈರಿಂಗ್ ಟೇಪ್, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್‌ನ ಒಂದು ಸೆಲ್. ಸ್ಕ್ರೂ ಹಾಕಿಡಲು ಒಂದು ಸ್ಟೀಲ್ ತಟ್ಟೆ.

ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಪ್ಯಾಡ್ ಮೀಟಬೇಡಿ. ಬಿಳಿ ಗೀರು ಬಿದ್ದರೆ ಹೋಗುವುದಿಲ್ಲ, ಹಳೇ ಗಾಡಿ ನೋಡಿ ಅಭ್ಯಾಸ ಇರುವವರು ಮೊದಲು ಹಿಡಿಯುವುದೇ ಆ ಗೀರನ್ನು.

## 4. ಡೋರ್ ಪ್ಯಾಡ್ ಬಿಚ್ಚುವ ಕ್ರಮ

ಬೇಸಿಗೆಯಲ್ಲಿ ಈ ಕೆಲಸ ಬೆಳಗ್ಗೆ 7ರಿಂದ 10ರೊಳಗೆ ನೆರಳಲ್ಲಿ ಮಾಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ಡೋರ್ ತಗಡು ಮುಟ್ಟಲೂ ಆಗುವುದಿಲ್ಲ, ಒಳಗಿನ ಕಪ್ಪು ಅಂಟು ಕರಗಿ ದಾರದ ಹಾಗೆ ಎಳೆಯುತ್ತದೆ. ತಂಪಿರುವಾಗ ಆ ಅಂಟು ಚೆನ್ನಾಗಿ ಬಿಡುತ್ತದೆ.

ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಪ್ರತಿ ಹಂತದಲ್ಲೂ ತೆಗೆಯಿರಿ. ಮಾರುವಾಗ ಈ ಫೋಟೊಗಳಿಗೇ ಬೆಲೆ.

ಗಾಜು ಮೇಲಿರಲಿ. ಸ್ಟೀರಿಯೊ ಕೋಡ್ ಕೇಳುವ ಗಾಡಿಯಾದರೆ ಕೋಡ್ ಕೈಯಲ್ಲಿರಲಿ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಕೆಲವು ನಿಮಿಷ ಬಿಟ್ಟು ಕೆಲಸ ಶುರು ಮಾಡಿ.

ಮೊದಲು ಎಲ್ಲ ಸ್ಕ್ರೂ ತೆಗೆಯಬೇಕು. ಒಂದು ಡೋರ್ ಎಳೆಯುವ ಹಿಡಿಯ ತಳದಲ್ಲಿ ಇರುತ್ತದೆ. ಒಂದು ಡೋರ್ ತೆಗೆಯುವ ಹ್ಯಾಂಡಲ್‌ನ ಹಿಂದೆ, ಚಿಕ್ಕ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಡಗಿರುತ್ತದೆ. ಕನ್ನಡಿಯ ಹತ್ತಿರದ ತ್ರಿಕೋನ ಪಟ್ಟಿಯ ಕೆಳಗೂ ಒಂದು ಇರಬಹುದು. ಪ್ಯಾಡ್ ಒಂದು ಕಡೆ ಬಿಡುತ್ತಿಲ್ಲ ಅಂದರೆ ಬಲ ಹಾಕಬೇಡಿ, ಒಂದು ಸ್ಕ್ರೂ ಉಳಿದಿದೆ ಅಂತ ಅರ್ಥ.

ಆಮೇಲೆ ಕೆಳಗಿನ ಮೂಲೆಯಿಂದ ಟ್ರಿಮ್ ಪಟ್ಟಿ ಹಾಕಿ ಒಂದೊಂದೇ ಕ್ಲಿಪ್ ಬಿಡಿಸಿ. ಪಟ್ಟಿ ಕ್ಲಿಪ್‌ನ ಪಕ್ಕದಲ್ಲೇ ಇರಬೇಕು, ಎರಡು ಕ್ಲಿಪ್‌ಗಳ ನಡುವೆ ಮೀಟಿದರೆ ಪ್ಯಾಡ್ ಬಾಗುತ್ತದೆ. ಎಲ್ಲ ಬಿಟ್ಟ ಮೇಲೆ ಪ್ಯಾಡನ್ನು ನೇರ ಮೇಲಕ್ಕೆ ಎತ್ತಿ. ಅದು ಗಾಜಿನ ಸಂದಿಗೆ ನೇತು ಹಾಕಿದ ಹಾಗೆ ಕೂತಿರುತ್ತದೆ. ಥಟ್ಟನೆ ಎಳೆಯಬೇಡಿ, ಹಿಂದೆ ಗಾಜಿನ ಸ್ವಿಚ್ಚಿನ ಕಪ್ಲರ್ ಮತ್ತು ಹ್ಯಾಂಡಲ್ ಕೇಬಲ್ ಇರುತ್ತವೆ. ಕಪ್ಲರ್‌ನ ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ.

ಕೆಲವು ಗಾಡಿಗಳಲ್ಲಿ ಕಂಪನಿ ಸ್ಪೀಕರ್ ಸ್ಕ್ರೂನಲ್ಲಿ ಇರುವುದಿಲ್ಲ, ರಿವೆಟ್ ಹೊಡೆದಿರುತ್ತಾರೆ. ಆಗ ರಿವೆಟ್‌ನ ತಲೆಯನ್ನು ಮಾತ್ರ ಡ್ರಿಲ್‌ನಿಂದ ಹಾರಿಸಿ. ಬಿಟ್ ತಗಡಿಗೆ ಇಳಿದು ತೂತು ಅಗಲ ಆಗಬಾರದು. ರಿವೆಟ್ ಚೂರು ಡೋರ್ ಒಳಗೆ ಬಿದ್ದರೆ ಮುಂದೆ ಪ್ರತಿ ತಗ್ಗಿನಲ್ಲೂ ಕಟಕಟ ಅನ್ನುತ್ತದೆ. ಅಲ್ಯೂಮಿನಿಯಂ ರಿವೆಟ್ ಆಗಿದ್ದರೆ ಅಯಸ್ಕಾಂತಕ್ಕೆ ಹತ್ತುವುದಿಲ್ಲ, ಕೈಯಿಂದಲೋ ವ್ಯಾಕ್ಯೂಮ್‌ನಿಂದಲೋ ತೆಗೆಯಬೇಕು. ಅದೇ ತೂತಿಗೆ, ಅಗಲ ಮಾಡದೆ ಕೂರುವ ರಿವೆಟ್ ನಟ್ (ತಗಡಿಗೆ ಕಚ್ಚಿಕೊಳ್ಳುವ ನಟ್) ಹಾಕಿಸಿಕೊಂಡರೆ ಇನ್ನು ಮುಂದೆ ಬೋಲ್ಟ್‌ನಲ್ಲಿ ಬಿಚ್ಚಿ ಹಾಕಬಹುದು.

## 5. ಪ್ಲಾಸ್ಟಿಕ್ ಹಾಳೆಯನ್ನು ಜೋಪಾನ ಮಾಡಿ

ಪ್ಯಾಡ್ ತೆಗೆದ ಕೂಡಲೇ ತಗಡಿಗೆ ಕಪ್ಪು ಅಂಟಿನಲ್ಲಿ ಅಂಟಿಸಿದ ತೆಳು ಹಾಳೆ ಕಾಣುತ್ತದೆ. "ಧೂಳಿನ ಹಾಳೆ ಅದು, ಹೋದ್ರೆ ಹೋಗ್ಲಿ" ಅಂತ ಹರಿದು ಹಾಕುತ್ತಾರೆ. ಸ್ಪೀಕರ್ ಕೆಲಸದಿಂದ ಗಾಡಿ ಹಾಳಾಗುವುದು ಬಹಳ ಸಲ ಇಲ್ಲಿಂದಲೇ.

ಮಳೆ ಬಂದಾಗ ಗಾಜಿನ ಮೇಲೆ ಹರಿದ ನೀರಿನಲ್ಲಿ ಒಂದಷ್ಟು ಹೊರಗಿನ ರಬ್ಬರ್ ದಾಟಿ ಡೋರ್ ಒಳಗೇ ಇಳಿಯುತ್ತದೆ. ಡೋರನ್ನು ಹಾಗೇ ಮಾಡಿರುತ್ತಾರೆ. ಆ ನೀರು ಡೋರ್‌ನ ತಳದ ಕಿಂಡಿಗಳಿಂದ ಹೊರಗೆ ಹೋಗಬೇಕು. ಈ ಹಾಳೆ ಇರುವುದು ನೀರು ಒಳಗೆ, ನಿಮ್ಮ ಕಡೆ ಬರದಿರಲಿ ಅಂತ. ಹಾಳೆ ಹರಿದರೆ ನೀರು ಪ್ಯಾಡ್‌ನ ಹಿಂಬದಿಗೆ, ಅಲ್ಲಿಂದ ಕಾಲಿನ ಹತ್ತಿರದ ಕಾರ್ಪೆಟ್ ಕೆಳಗೆ ಹೋಗುತ್ತದೆ. ಅಲ್ಲಿ ನೆಲದ ತಗಡು ತುಕ್ಕು ಹಿಡಿಯುತ್ತದೆ, ಕಪ್ಲರ್‌ಗಳು ಹಸಿರು ಕಟ್ಟುತ್ತವೆ.

ಹಾಳೆಯನ್ನು ಸ್ಪೀಕರ್‌ಗೆ ಬೇಕಾದಷ್ಟು ಕಡೆ ಮಾತ್ರ, ಅಂಟನ್ನು ಚೂರಿಯಿಂದ ಸವರುತ್ತ ಬಿಡಿಸಿ. ಕೆಲಸ ಮುಗಿದ ಮೇಲೆ ಅಂಟು ಒಣಗಿದ್ದರೆ ಹೊಸ ಬ್ಯೂಟೈಲ್ ಹಗ್ಗ ಇಟ್ಟು ಒತ್ತಿ. ಕೆಳ ಅಂಚು ತಗಡಿನ ಒಳಕ್ಕೆ ಹೋಗಿರುವ ಹಾಗಿದ್ದರೆ ಮತ್ತೆ ಹಾಗೇ ಒಳಕ್ಕೆ ಸೇರಿಸಿ, ನೀರು ಡೋರ್ ಒಳಗೇ ತೊಟ್ಟಿಕ್ಕಬೇಕು. ಕೆಲವು ಹೊಸ ಗಾಡಿಗಳಲ್ಲಿ ಪಕ್ಕದ ಗುದ್ದು ತಿಳಿಯುವ ಸೆನ್ಸರ್ ಡೋರ್ ಒಳಗಿನ ಗಾಳಿಯ ಒತ್ತಡ ನೋಡಿ ಕೆಲಸ ಮಾಡುತ್ತದೆ. ಅಂಥ ಡೋರ್‌ನಲ್ಲಿ ಹಾಳೆ, ರಬ್ಬರ್ ಯಾವುದೂ ಸಡಿಲ ಉಳಿಯಬಾರದು.

ಇಲ್ಲೇ ಇನ್ನೊಂದು ಕೆಲಸ ಮುಗಿಸಿ. ಸೇಡಂ, ವಾಡಿ ಕಡೆ ಓಡಾಡುವ ಗಾಡಿಗಳಲ್ಲಿ ಸಿಮೆಂಟ್ ಧೂಳು, ಹೊಲದ ದಾರಿಯ ಗಾಡಿಗಳಲ್ಲಿ ಕರಿಮಣ್ಣು ತಳದ ಕಿಂಡಿಗಳಲ್ಲಿ ಕೂತು ಗಟ್ಟಿಯಾಗಿರುತ್ತದೆ. ಕಸಬರಿಗೆ ಕಡ್ಡಿಯಿಂದ ಬಿಡಿಸಿ, ಒಂದು ಲೋಟ ನೀರು ಒಳಗೆ ಸುರಿದು ಕೆಳಗೆ ಹೋಗುತ್ತದಾ ನೋಡಿ.

## 6. ರಿಂಗ್ ಮಾಡಿಸುವುದು

ತಗಡು ಕೊಯ್ಯದೆ ದೊಡ್ಡ ಸ್ಪೀಕರ್ ಕೂರಿಸುವ ದಾರಿ ಈ ರಿಂಗ್. ನಿಮ್ಮ ಮಾಡೆಲ್‌ಗೆ ರೆಡಿಮೇಡ್ ಪ್ಲಾಸ್ಟಿಕ್ ರಿಂಗ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಸುಮ್ನೆ ಕಷ್ಟಪಡಬೇಡಿ.

ಸಿಗದಿದ್ದರೆ 2ನೇ ಹಂತದ ರಟ್ಟು ತೆಗೆದುಕೊಂಡು ಬಡಿಗರ ಹತ್ತಿರ ಹೋಗಿ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಡ. ಕೊಯ್ಯಲು ಸುಲಭ ಅಂತ ಎಲ್ಲರೂ ಅದನ್ನೇ ಕೊಡುತ್ತಾರೆ, ಆದರೆ ನೀರು ತಾಗಿದರೆ ಚಹಾದಲ್ಲಿ ಅದ್ದಿದ ಬಿಸ್ಕಿಟ್‌ನ ಹಾಗೆ ಉಬ್ಬುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಡೋರ್ ಒಳಗೆ ನೀರು ಬರುವ ಜಾಗ ಅಂತ ಈಗ ನೋಡಿದೆವಲ್ಲ. ಮರೀನ್ ಪ್ಲೈವುಡ್ ಆಗಬಹುದು. ಅದಕ್ಕಿಂತ ಚೆಂದ ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆ. ನೀರು ಹಿಡಿಯುವುದಿಲ್ಲ, ಜಿಗ್‌ಸಾದಲ್ಲಿ ಸಲೀಸಾಗಿ ಕೊಯ್ಯುತ್ತದೆ.

ಪ್ಲೈವುಡ್ ಆದರೆ ಎರಡೂ ಮುಖ, ಒಳ ಅಂಚು, ಸ್ಕ್ರೂ ತೂತಿನ ಒಳಗೂ ಎರಡು ಕೈ ಎನಾಮಲ್ ಪೇಂಟ್ ಹೊಡೆದು ಒಂದು ದಿನ ಒಣಗಲು ಬಿಡಿ. ರಿಂಗ್ ಕಂಪನಿಯ ಹಳೇ ಸ್ಕ್ರೂ ತೂತುಗಳಿಗೇ ಕೂರಬೇಕು. ಸ್ಪೀಕರ್ ರಿಂಗ್‌ಗೆ ಕೂರುತ್ತದೆ, ಆ ಸ್ಕ್ರೂ ಮರದಲ್ಲೋ ಪ್ಲಾಸ್ಟಿಕ್‌ನಲ್ಲೋ ನಿಲ್ಲಬೇಕು, ತಗಡಿನವರೆಗೆ ಬರಬಾರದು. ರಿಂಗ್ ಮತ್ತು ತಗಡಿನ ನಡುವೆ ಫೋಮ್ ಟೇಪ್ ಸುತ್ತಲೂ ಸಂದಿಲ್ಲದೆ ಹಾಕಿ. ಈ ಸಂದಿಯಿಂದ ಗಾಳಿ ಸೋರಿದರೆ ಎಷ್ಟು ದುಬಾರಿ ಸ್ಪೀಕರ್ ಆದರೂ ಬೇಸ್ ಬರುವುದಿಲ್ಲ.

ಕಂಪನಿ ಸ್ಪೀಕರ್‌ನ ಮೇಲೆ ಛತ್ರಿಯ ಹಾಗೆ ಒಂದು ಪ್ಲಾಸ್ಟಿಕ್ ಅಂಚು ಇದ್ದರೆ ಅದು ನೀರು ತಡೆಯಲು ಇಟ್ಟದ್ದು. ಹೊಸ ಸ್ಪೀಕರ್‌ಗೂ ಅಂಥದ್ದೊಂದನ್ನು ಮೃದು ಪ್ಲಾಸ್ಟಿಕ್ ಡಬ್ಬಿಯಿಂದ ಕತ್ತರಿಸಿ ಮ್ಯಾಗ್ನೆಟ್‌ನ ಮೇಲ್ಬದಿಗೆ ಬರುವ ಹಾಗೆ ಕೂರಿಸಿ.

ಟ್ವೀಟರ್‌ಗೆ ಡ್ಯಾಶ್‌ಬೋರ್ಡ್ ಕೊರೆಯಬೇಡಿ. ಮೇಲಿನ ಮಾಡೆಲ್‌ಗೆ ಟ್ವೀಟರ್ ಬರುವ ಗಾಡಿಯಾದರೆ, ಕನ್ನಡಿ ಹತ್ತಿರದ ತ್ರಿಕೋನ ಪಟ್ಟಿ ಟ್ವೀಟರ್ ಜಾಗ ಸಮೇತ ಬಿಡಿಭಾಗವಾಗಿ ಸಿಗುತ್ತದೆ. ಅದನ್ನು ಹಾಕಿ, ನಿಮ್ಮದನ್ನು ಎತ್ತಿಡಿ.

## 7. ವೈರ್ ಕೂಡಿಸುವುದು

ಕಪ್ಲರ್ ಅಡಾಪ್ಟರ್ ಒಂದು ತುದಿ ಗಾಡಿಯ ಕಪ್ಲರ್‌ಗೆ, ಇನ್ನೊಂದು ತುದಿ ಸ್ಪೀಕರ್‌ಗೆ. ಕತ್ತರಿಸುವ ಮಾತೇ ಇಲ್ಲ. ನಿಮ್ಮ ಮಾಡೆಲ್‌ಗೆ ಸಿಗದಿದ್ದರೆ ಗುಜರಿ ಅಂಗಡಿಯಲ್ಲಿ ಅದೇ ಮಾಡೆಲ್‌ನ ಸುಟ್ಟ ಸ್ಪೀಕರ್ ಹುಡುಕಿ, ಅದರ ಕಪ್ಲರ್ ಬಾಯಿ ತೆಗೆದು ಅಡಾಪ್ಟರ್ ಮಾಡಿಕೊಳ್ಳಬಹುದು. ಅಲ್ಲಿ ಬೆಸುಗೆ ಹಾಕಿ, ಶಾಖಕ್ಕೆ ಬಿಗಿಯುವ ಸ್ಲೀವ್ ಹಾಕಿ. ಸಾದಾ ಇನ್ಸುಲೇಷನ್ ಟೇಪ್ ನಮ್ಮ ಬೇಸಿಗೆಗೆ ಅಂಟು ಕರಗಿ ಜಾರುತ್ತದೆ.

ಪ್ಲಸ್, ಮೈನಸ್ ತಪ್ಪಬಾರದು. ಸ್ಪೀಕರ್‌ನಲ್ಲಿ ಅಗಲ ಪಿನ್ ಸಾಮಾನ್ಯವಾಗಿ ಪ್ಲಸ್. ಅನುಮಾನ ಇದ್ದರೆ ಗಡಿಯಾರದ ಸೆಲ್ ತೆಗೆದುಕೊಂಡು ಎರಡು ತಂತಿಯಿಂದ ಸ್ಪೀಕರ್‌ನ ಎರಡು ಪಿನ್‌ಗೆ ಒಂದು ಕ್ಷಣ ತಾಗಿಸಿ. ಟಪ್ ಅಂತ ಕೋನ್ ಹೊರಗೆ ಬಂದರೆ ಸೆಲ್‌ನ ಪ್ಲಸ್ ತಾಗಿದ ಪಿನ್ನೇ ಪ್ಲಸ್. ಒಳಗೆ ಹೋದರೆ ಉಲ್ಟಾ. ಗಾಡಿಯ ವೈರ್‌ನಲ್ಲಿ ಯಾವುದು ಪ್ಲಸ್ ಅನ್ನುವುದನ್ನು ಕಂಪನಿ ಸ್ಪೀಕರ್ ಬಿಚ್ಚುವ ಮೊದಲೇ ಅದರ ಮೇಲಿನ ಗುರುತು ನೋಡಿ ಬರೆದಿಟ್ಟುಕೊಳ್ಳಿ. ಸೆಲ್ ಪರೀಕ್ಷೆಯನ್ನು ಟ್ವೀಟರ್‌ಗೆ ಮಾಡಬೇಡಿ.

ಒಂದು ಸ್ಪೀಕರ್ ಉಲ್ಟಾ ಆದರೂ ಎರಡೂ ಹಾಡುತ್ತವೆ, ಆದರೆ ಡೊಳ್ಳಿನ ಪೆಟ್ಟು ತೆಳುವಾಗುತ್ತದೆ. ಎಷ್ಟೋ ಜನ ಇದನ್ನೇ "ಸ್ಪೀಕರ್ ಚೆನ್ನಾಗಿಲ್ಲ" ಅಂದುಕೊಂಡು ಇನ್ನೊಂದು ಜೋಡಿ ಕೊಳ್ಳುತ್ತಾರೆ.

## 8. ಡ್ಯಾಂಪಿಂಗ್ ಹಾಳೆ

ತಗಡು ನಡುಗಿ ಸದ್ದು ಮಾಡದ ಹಾಗೆ ಅಂಟಿಸುವ ಹಾಳೆ ಇದು. ಬ್ಯೂಟೈಲ್ ಹಾಳೆ ಮಾತ್ರ ಹಾಕಿ. ಅಗ್ಗದ ಡಾಂಬರಿನ ಹಾಳೆ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ಗಾಡಿಯೊಳಗೆ ವಾಸನೆ ಹಿಡಿಯುತ್ತದೆ. ಹೊರ ತಗಡಿನ ಒಳಬದಿಗೆ, ಸ್ಪೀಕರ್ ಹಿಂದೆ, ಧೂಳು ಒರೆಸಿ ರೋಲರ್‌ನಿಂದ ಒತ್ತಿ. ತಳದ ಕಿಂಡಿಗಳನ್ನು ಮುಚ್ಚಬೇಡಿ, ಗಾಜಿನ ದಾರಿಗೆ ಬರಬಾರದು. ಈ ಹಾಳೆ ಮತ್ತೆ ತೆಗೆಯಲು ಕಷ್ಟ ನಿಜ, ಆದರೆ ಸರಿಯಾಗಿ ಹಾಕಿದ್ದರೆ ಗಾಡಿಗೆ ಕೆಡುಕಿಲ್ಲ, ಬಿಡಬಹುದು. ಡೋರ್ ಮುಚ್ಚಿದಾಗ ಸದ್ದು ಗಟ್ಟಿಯಾಗಿ ಬರುತ್ತದೆ, ಕೊಳ್ಳುವವರಿಗೂ ಅದು ಇಷ್ಟ.

## 9. ಪ್ಯಾಡ್ ಮುಚ್ಚುವ ಮೊದಲು

ಪ್ಯಾಡ್ ಮುಚ್ಚಿದ ಮೇಲೆ ಪರೀಕ್ಷೆ ಮಾಡಿದರೆ ಎರಡು ಸಲ ಕೆಲಸ. ಮುಚ್ಚುವ ಮುಂಚೆಯೇ ಗಾಜಿನ ಸ್ವಿಚ್ಚಿನ ಕಪ್ಲರ್ ಸಿಕ್ಕಿಸಿ, ಬ್ಯಾಟರಿ ಕೂಡಿಸಿ. ಗಾಜನ್ನು ಐದಾರು ಸಲ ಪೂರ್ತಿ ಇಳಿಸಿ ಏರಿಸಿ. ಎಲ್ಲೂ ತಡೆಯಬಾರದು, ಉಜ್ಜುವ ಸದ್ದು ಬರಬಾರದು. ಬ್ಯಾಲೆನ್ಸ್ ಎಡಕ್ಕೆ ಹಾಕಿ ಎಡ ಸ್ಪೀಕರ್ ಮಾತ್ರ, ಬಲಕ್ಕೆ ಹಾಕಿ ಬಲ ಮಾತ್ರ ಹಾಡುತ್ತದಾ ನೋಡಿ. ಬೇಸ್ ಇರುವ ಹಾಡು ಜೋರಾಗಿ ಹಾಕಿ, ಕೈಯನ್ನು ತಗಡಿನ ಮೇಲೆ ಆಡಿಸಿ. ಎಲ್ಲಿ ಗಿರಗಿರ ಅನ್ನುತ್ತದೋ ಅಲ್ಲಿನ ವೈರನ್ನು ಬಟ್ಟೆ ಟೇಪ್‌ನಿಂದ ಸುತ್ತಿ ಕಟ್ಟಿ.

ಆಮೇಲೆ ಹಾಳೆ ಅಂಟಿಸಿ, ಗಾಜಿನ ಮೇಲೆ ಎರಡು ಮೂರು ಚೊಂಬು ನೀರು ಸುರಿಯಿರಿ. ತಳದ ಕಿಂಡಿಯಿಂದ ನೀರು ಹೊರಗೆ ಬರಬೇಕು, ಹಾಳೆಯ ಈಚೆ ಒಂದು ಹನಿಯೂ ಕಾಣಬಾರದು. ಇದು ಸರಿಯಾದ ಮೇಲೆ ಪ್ಯಾಡ್ ಮುಚ್ಚಿ. ಮುರಿದ ಕ್ಲಿಪ್ ಇದ್ದಲ್ಲಿ ಹೊಸದು ಹಾಕಿ, "ಒಂದು ಇಲ್ಲದಿದ್ರೆ ನಡೀತದೆ" ಅನ್ನಬೇಡಿ. ಪ್ಯಾಡ್ ಕುಣಿಯುವುದು ಆ ಒಂದು ಕ್ಲಿಪ್‌ನಿಂದಲೇ.

ಮುಂದಿನ ದಿನಗಳಲ್ಲಿ ಇವು ಕಂಡರೆ ತಡ ಮಾಡದೆ ಪ್ಯಾಡ್ ಬಿಚ್ಚಿ: ಮಳೆ ಮಾರನೇ ದಿನ ಒಳಗೆ ಮುಗ್ಗಲು ವಾಸನೆ, ಡೋರ್ ತೆಗೆದಾಗ ಒಳಗೆ ನೀರು ಅಲುಗುವ ಸದ್ದು, ಗಾಜು ಮೊದಲಿಗಿಂತ ನಿಧಾನ, ಒಂದು ಸ್ಪೀಕರ್ ಆಗಾಗ ನಿಂತು ಹೋಗುವುದು.

## 10. ಹಿಂದಿನ ಟ್ರೇ ಮತ್ತು ಆಂಪ್

ಹ್ಯಾಚ್‌ಬ್ಯಾಕ್‌ನ ಹಿಂದಿನ ಟ್ರೇ ಕೊಯ್ದು 6x9 ಇಂಚಿನ ಅಂಡಾಕಾರದ ಸ್ಪೀಕರ್ ಹಾಕುವುದು ನಮ್ಮ ಕಡೆ ಬಹಳ. ಕಂಪನಿ ಟ್ರೇ ಆ ತೂಕಕ್ಕೆ ಮಾಡಿದ್ದಲ್ಲ, ಒಂದು ಬೇಸಿಗೆಯಲ್ಲಿ ಬಾಗುತ್ತದೆ. ಹಾಕಲೇಬೇಕು ಅಂದರೆ ಬೇರೆ ಪ್ಲೈವುಡ್ ಟ್ರೇ ಮಾಡಿಸಿ, ಅದು ಅಲುಗದ ಹಾಗೆ ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಬಿಡಿ ಟ್ರೇ ಸ್ಪೀಕರ್ ಸಮೇತ ಹಿಂದೆ ಕೂತ ಮಕ್ಕಳ ತಲೆಗೆ ಬರುತ್ತದೆ. ಕಂಪನಿ ಟ್ರೇಯನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ಮಲಗಿಸಿ ಇಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬಾಗುತ್ತದೆ.

ಆಂಪ್ ಹಾಕುವವರಿಗೆ: ಬ್ಯಾಟರಿಯಿಂದ ಬರುವ ತಂತಿಗೆ 45 ಸೆಂ.ಮೀ. ಒಳಗೇ ಫ್ಯೂಸ್ ಇರಬೇಕು. ಈ ಒಂದು ಮಾತು ತಪ್ಪಿದರೆ ಗಾಡಿಗೆ ಬೆಂಕಿ ಬೀಳಬಹುದು. ಎಂಜಿನ್ ಕಡೆಯಿಂದ ಒಳಗೆ ಬರಲು ಹೊಸ ತೂತು ಬೇಡ, ಈಗಿರುವ ರಬ್ಬರ್ ಬೂಚಿನ ಮೂಲಕ ತನ್ನಿ. ತಂತಿ ಕೊಳ್ಳುವಾಗ ಒಂದು ಎಳೆ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಬೇಡ. ಅರ್ತ್ ತಂತಿಯನ್ನು ಸೀಟ್ ಬೆಲ್ಟ್ ಬೋಲ್ಟ್‌ಗೆ ಕೂಡಿಸಬೇಡಿ. ಕಂಪನಿ ಟಚ್ ಸ್ಕ್ರೀನ್ ಇರುವ ಗಾಡಿಗೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ-ಲೆವೆಲ್ ಇನ್‌ಪುಟ್ ಇರುವ ಆಂಪ್ ಕೊಂಡರೆ ಸ್ಕ್ರೀನ್ ಬದಲಿಸಬೇಕಾಗಿಲ್ಲ.

ಬಿಲ್ ಇಟ್ಟುಕೊಳ್ಳಿ. ಇನ್ಶೂರೆನ್ಸ್ ನವೀಕರಿಸುವಾಗ ಈ ಸಾಮಾನಿನ ಬೆಲೆ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕು, ಇಲ್ಲದಿದ್ದರೆ ಅಪಘಾತದಲ್ಲಿ ಹೋದ ಆಂಪ್‌ಗೆ ಪರಿಹಾರ ಕೇಳಲು ದಾರಿಯಿರುವುದಿಲ್ಲ.

## 11. ಈಗಾಗಲೇ ಕೊಯ್ಸಿದ್ದರೆ

ಎಷ್ಟು ಕೊಯ್ದಿದ್ದಾರೆ ಅಂತ ಮೊದಲು ನೋಡಿ. ತೂತಿನ ಅಂಚು ಮಾತ್ರ ಅಗಲವಾಗಿದ್ದರೆ ಸರಿ ಮಾಡಬಹುದು. ಅಂಚನ್ನು ಅರದಿಂದ ನಯ ಮಾಡಿ, ತುಕ್ಕನ್ನು ತಂತಿ ಬ್ರಷ್‌ನಿಂದ ಪೂರ್ತಿ ತೆಗೆದು, ತುಕ್ಕು ತಡೆಯುವ ದ್ರಾವಣ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟ್. ಈ ಕ್ರಮ ಬದಲಾಗಬಾರದು, ತುಕ್ಕಿನ ಮೇಲೇ ಪೇಂಟ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಏಳುತ್ತದೆ. ಗ್ರೈಂಡರ್‌ನ ಕಬ್ಬಿಣದ ಪುಡಿ ಡೋರ್ ತಳದಲ್ಲಿ ಬಿದ್ದಿರುತ್ತದೆ, ಅದನ್ನು ಅಯಸ್ಕಾಂತದಿಂದ ಎತ್ತಿ. ಅದೇ ಒಳಗಿನಿಂದ ತಳವನ್ನು ತಿನ್ನುವುದು. ಆಮೇಲೆ ಕಂಪನಿ ಸ್ಪೀಕರ್ ಕೂರುವ ಹಾಗೆ 2 ಮಿ.ಮೀ. ಅಲ್ಯೂಮಿನಿಯಂ ತಗಡಿನ ಪಟ್ಟಿ ಮಾಡಿಸಿ, ಫೋಮ್ ಹಾಕಿ ಬೋಲ್ಟ್ ಮಾಡಿ.

ಅಡ್ಡ ಪಟ್ಟಿಗೆ ಪೆಟ್ಟಾಗಿದ್ದರೆ ಬೆಸುಗೆ ಹಾಕಿಸಿ ಮುಚ್ಚಬೇಡಿ. ಅದೇ ಮಾಡೆಲ್‌ನ ಡೋರ್ ಗುಜರಿಯಲ್ಲಿ ನೋಡಿ, ಬದಲಿಸಿ. ಕೊಳ್ಳುವವರಿಗೆ ಹೇಳಿಯೇ ಮಾರಿ.

## 12. ಮಾರುವ ವಾರ

ಹೊಸ ಸ್ಪೀಕರ್‌ಗೆ ಹಾಕಿದ ಹಣ ಗಾಡಿಯ ದರದಲ್ಲಿ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಕೊಳ್ಳುವವರು ಎಂಜಿನ್, ಟೈರ್, ಪೇಂಟ್‌ಗೆ ಹಣ ಕೊಡುತ್ತಾರೆ. ಸಿಸ್ಟಮ್ ಬೇರೆ ಮಾರಿದರೆ, ಇಲ್ಲವೇ ಮುಂದಿನ ಗಾಡಿಗೆ ಹಾಕಿಕೊಂಡರೆ ನಿಮಗೆ ಲಾಭ.

ಗಾಡಿ ತೋರಿಸುವ ಒಂದು ವಾರ ಮುಂಚೆ ಕಂಪನಿ ಸ್ಪೀಕರ್, ತ್ರಿಕೋನ ಪಟ್ಟಿ, ಟ್ರೇ ಮತ್ತೆ ಕೂರಿಸಿ. ಎತ್ತಿಟ್ಟಾಗಲೇ ಪ್ರತಿಯೊಂದರ ಮೇಲೆ ಎಡ, ಬಲ ಅಂತ ಚೀಟಿ ಅಂಟಿಸಿದ್ದರೆ ಈ ಕೆಲಸ ಅರ್ಧ ದಿನದ್ದು. ಆಂಪ್ ತಂತಿಗಳನ್ನು ಪೂರ್ತಿ ಎಳೆದು ತೆಗೆಯಿರಿ, ಕಾರ್ಪೆಟ್ ಕೆಳಗೆ ಕತ್ತರಿಸಿ ಬಿಡಬೇಡಿ. ತುಂಡು ತಂತಿ ಕಂಡರೆ ಕೊಳ್ಳುವವರಿಗೆ ಇಡೀ ವೈರಿಂಗ್ ಮೇಲೆ ಅನುಮಾನ.

ಕೆಲಸ ಮಾಡಿದಾಗಿನ ಫೋಟೊಗಳನ್ನು ಕೇಳುವ ಮೊದಲೇ ತೋರಿಸಿ. "ಸ್ಪೀಕರ್ ಹಾಕಿದ್ದೆ, ತಗಡು ಮುಟ್ಟಿಲ್ಲ, ಬೇಕಾದ್ರೆ ಪ್ಯಾಡ್ ಬಿಚ್ಚಿ ನೋಡ್ರಿ" ಅನ್ನಿ. ಹೊರ ರಾಜ್ಯದವರು ಕೊಳ್ಳುವುದಾದರೆ ಹೆಸರು ವರ್ಗಾವಣೆಯ ಫಾರಂ 29, 30ರ ಜೊತೆ ಆರ್‌ಟಿಒ ಎನ್‌ಒಸಿಗೆ (ಆಕ್ಷೇಪಣೆ ಇಲ್ಲ ಅನ್ನುವ ಪತ್ರಕ್ಕೆ) ಫಾರಂ 28 ಬೇಕು. ನಮ್ಮ ಕಲಬುರಗಿಯ ಕೆಎ 32, ಬೀದರ್‌ನ ಕೆಎ 38 ಗಾಡಿಗಳನ್ನು ಕೇಳಿಕೊಂಡು ಸೊಲ್ಲಾಪುರ, ಜಹೀರಾಬಾದ್ ಕಡೆಯವರು ಬರುವುದುಂಟು, ಆ ಕಾಗದಗಳನ್ನೂ ಮುಂಚೆಯೇ ಇಟ್ಟುಕೊಳ್ಳಿ.

ಕೀಲಿ ಕೊಡುವ ಮುಂಚೆ ಒಂದು ಸಲ ಸ್ಟೀರಿಯೊ ಹಾಕಿ, ಬ್ಯಾಲೆನ್ಸ್ ಎಡಕ್ಕೆ ಬಲಕ್ಕೆ, ಫೇಡರ್ ಮುಂದೆ ಹಿಂದೆ ಮಾಡಿ ನೋಡಿ. ಎಲ್ಲ ಸ್ಪೀಕರ್ ಹಾಡಬೇಕು, ಎಲ್ಲ ಗಾಜು ಇಳಿದು ಏರಬೇಕು.